ಕಲಿಸಬಂದವರು ಕಲಿತ ಪಾಠ

ಬೆಂಗಳೂರಿನ ಬೀದಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಜೋಡಿ ಯುವಕರು ಕಣ್ಣಿಗೆ ಬೀಳುವುದುಂಟು. ಬಿಳಿಯ ಅಂಗಿ, ಕೊರಳಿಗೆ ಟೈ, ಎದೆಯ ಮೇಲೆ ಬಿಳಿಯ ಅಕ್ಷರಗಳ ಕರಿಯ ಫಲಕ, ಹೆಗಲಲ್ಲೊಂದು ಚೀಲ. ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ ಇದ್ದೀತು; ಮುಖದ ಮೇಲೆ ಬಾಲ್ಯದ ನುಣುಪು ಇನ್ನೂ ಮಾಸಿರುವುದಿಲ್ಲ. ಆದರೂ ಫಲಕದಲ್ಲಿ ಹೆಸರಿಗೆ ಮುಂಚೆ ‘ಎಲ್ಡರ್’ ಎಂಬ ಬಿರುದು. ಎಲ್ಡರ್ ಎಂದರೆ ಹಿರಿಯ! ನಮ್ಮ ಕಡೆ ಈ ವಯಸ್ಸಿನ ಹುಡುಗನನ್ನು ಸಂತೆಗೆ ಕಳುಹಿಸುವಾಗಲೂ ತಾಯಿಯಾದವಳು ಎರಡು ಸಲ ಎಚ್ಚರಿಕೆ ಹೇಳಿ ಕಳುಹಿಸುತ್ತಾಳೆ. ಅಂತಹ ಹುಡುಗನು ಗುರುತು ಪರಿಚಯವಿಲ್ಲದ ಊರಿಗೆ ಬಂದು, ತನ್ನ ತಂದೆಯ ವಯಸ್ಸಿನವರ ಮುಂದೆ ಕುಳಿತು, ದೇವರ ವಿಷಯವಾಗಿ ಪಾಠ ಹೇಳಲು ಹೊರಟಿರುತ್ತಾನೆ.

ಇವರು ಮಾರ್ಮನ್ ಪಂಥದ ಬೋಧಕರು. ಆ ಪಂಥವು ತನ್ನನ್ನು ‘ಅಂತ್ಯಕಾಲದ ಸಂತರ ಯೇಸು ಕ್ರಿಸ್ತನ ಸಭೆ’ ಎಂದು ಕರೆದುಕೊಳ್ಳುತ್ತದೆ. 1830ರ ಏಪ್ರಿಲ್ 6ರಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಜೋಸೆಫ್ ಸ್ಮಿತ್ ಎಂಬವನು ಅದನ್ನು ಸ್ಥಾಪಿಸಿದನು. 1844ರಲ್ಲಿ ಅವನು ದೊಂಬಿಗಾರರ ಗುಂಡಿಗೆ ಬಲಿಯಾದ ಮೇಲೆ ಬ್ರಿಗಮ್ ಯಂಗ್ ಎಂಬ ನಾಯಕನು ಅನುಯಾಯಿಗಳನ್ನು ಕರೆದುಕೊಂಡು 1847ರಲ್ಲಿ ಯೂಟಾದ ಉಪ್ಪು ಸರೋವರದ ಬಯಲಿಗೆ ಬಂದು ನೆಲೆಯೂರಿದನು. ಇಂದಿಗೂ ಅವರ ಕೇಂದ್ರ ಅಲ್ಲಿನ ಸಾಲ್ಟ್ ಲೇಕ್ ಸಿಟಿಯೇ.

ಅಷ್ಟು ದೂರದ ಸಂಗತಿಗೂ ಸೇಲಂ, ಧರ್ಮಪುರಿ ಸೀಮೆಗಳ ನಮಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. 1993ರ ಜನವರಿ 1ರಂದು ಈ ಸಭೆಯು ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಭಾರತಕ್ಕಾಗಿ ಒಂದು ಮಿಷನ್ ಸ್ಥಾಪಿಸಿತು. ಅತ್ತ ಕೊಯಮತ್ತೂರಿನಲ್ಲಿ ಎಸ್. ಪಾಲ್ ತಿರುತುವದಾಸ್ ಎಂಬವರು 1960ರ ದಶಕದಲ್ಲಿಯೇ ಈ ಪಂಥವನ್ನು ಸೇರಿ, ಬಡ ಮಕ್ಕಳಿಗಾಗಿ ಶಾಲೆಗಳನ್ನು ತೆರೆದಿದ್ದರು. ಬೆಂಗಳೂರಿಗೂ ಕೊಯಮತ್ತೂರಿಗೂ ನಡುವಿನ ಹೆದ್ದಾರಿ ಯಾವುದು? ಅತ್ತಿಬೆಲೆ ದಾಟಿ, ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳನ್ನು ಹಾದು, ತೊಪ್ಪೂರು ಘಟ್ಟವಿಳಿದು ಸೇಲಂ ಸೇರುವ ನಮ್ಮದೇ ದಾರಿ. ಈ ದಾರಿಯಲ್ಲಿ ಬೋಧಕರು ನಡೆಯುತ್ತಿರುವುದು ಇಂದು ನಿನ್ನೆಯಿಂದಲ್ಲ. ಹಾಗೆ ಬಂದವರಲ್ಲಿ ಯಾರ ಮಾತು ಈ ನೆಲದಲ್ಲಿ ನಿಂತಿತು, ಯಾರದು ಗಾಳಿಗೆ ಹೋಯಿತು ಎಂಬುದನ್ನು ವಿಚಾರಿಸಿದರೆ ಬೋಧಕರಿಗಷ್ಟೇ ಅಲ್ಲ, ಗಡಿಯಲ್ಲಿ ಮಕ್ಕಳನ್ನು ಬೆಳೆಸುವ ನಮಗೂ ಒಂದು ಪಾಠ ದೊರೆಯುತ್ತದೆ.

ಎರಡು ವರ್ಷದ ವ್ರತ

ಮಾರ್ಮನ್ ಯುವಕನು ಎರಡು ವರ್ಷಕಾಲ ಬೋಧಕನಾಗಿ ದುಡಿಯುತ್ತಾನೆ. ಯುವತಿಯಾದರೆ ಹದಿನೆಂಟು ತಿಂಗಳು. ಹಿಂದೆ ಯುವಕರಿಗೆ ಹತ್ತೊಂಬತ್ತು, ಯುವತಿಯರಿಗೆ ಇಪ್ಪತ್ತೊಂದು ವರ್ಷ ತುಂಬಿರಬೇಕೆಂಬ ನಿಯಮವಿತ್ತು. 2012ರ ಅಕ್ಟೋಬರಿನಲ್ಲಿ ಅದನ್ನು ಹದಿನೆಂಟಕ್ಕೂ ಹತ್ತೊಂಬತ್ತಕ್ಕೂ ಇಳಿಸಿದರು. ಇದಕ್ಕೆ ಸಂಬಳವಿಲ್ಲ, ಖರ್ಚನ್ನು ಸಾಮಾನ್ಯವಾಗಿ ಅವನೂ ಅವನ ಮನೆಯವರೂ ಹೊರುತ್ತಾರೆ. ಯಾವ ದೇಶ, ಯಾವ ಭಾಷೆ ಎಂಬುದನ್ನು ಅವನು ಆರಿಸಿಕೊಳ್ಳುವಂತಿಲ್ಲ. ಕೇಂದ್ರದಿಂದ ಬಂದ ಕಾಗದದಲ್ಲಿ ಬರೆದಿರುವ ಊರಿಗೆ ಹೊರಡಬೇಕು. ಜಗತ್ತಿನಾದ್ಯಂತ ಹೀಗೆ ದುಡಿಯುತ್ತಿರುವವರ ಸಂಖ್ಯೆ 70,000ಕ್ಕೂ ಹೆಚ್ಚು. ಧರ್ಮಪ್ರಚಾರಕ್ಕೆಂದು ಬರುವ ಪರದೇಶೀಯರಿಗೆ ನಮ್ಮ ಸರಕಾರದಿಂದ ಪ್ರತ್ಯೇಕ ವೀಸಾ ಆಗಬೇಕಾದುದರಿಂದ, ನಮ್ಮಲ್ಲಿ ಈ ಕೆಲಸ ಮಾಡುವವರಲ್ಲಿ ಭಾರತದವರೇ ಆದ ಯುವಕ ಯುವತಿಯರೂ ಬಹಳ ಮಂದಿ ಇದ್ದಾರೆ.

ಬೋಧಕನ ದಿನಚರಿ ಗುರುಕುಲದ ವಟುವಿನ ದಿನಚರಿಯನ್ನು ನೆನಪಿಗೆ ತರುತ್ತದೆ. ಬೆಳಗ್ಗೆ ಆರೂವರೆಗೆ ಏಳುವುದು, ಒಂಟಿಯಾಗಿ ಓದು, ಜೊತೆಗಾರನೊಡನೆ ಓದು, ಭಾಷಾಭ್ಯಾಸ, ಆಮೇಲೆ ಹೊರಸಂಚಾರ, ರಾತ್ರಿ ಹತ್ತೂವರೆಗೆ ದೀಪ ಆರಿಸುವುದು. ಬಹುಕಾಲ ನಡೆದುಬಂದ ಕ್ರಮ ಇದು. ಜೊತೆಗಾರನನ್ನು ಬಿಟ್ಟು ಒಬ್ಬನೇ ತಿರುಗುವಂತಿಲ್ಲ. ಪ್ರಣಯಕ್ಕೆ ಆಸ್ಪದವಿಲ್ಲ. ಮದ್ಯ, ತಂಬಾಕು ನಿಷಿದ್ಧ. ಚಹಾ, ಕಾಫಿಗಳೂ ನಿಷಿದ್ಧ! ಈ ಕಟ್ಟಳೆ 1833ರಷ್ಟು ಹಳೆಯದು. ಬೋಧಕರಿಗೆ ಮಾತ್ರವಲ್ಲದೆ ಆ ಪಂಥದವರೆಲ್ಲರಿಗೂ ಅನ್ವಯಿಸುತ್ತದೆ. ಪ್ರತಿ ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟ ಬಿಟ್ಟು, ಅದರಿಂದ ಉಳಿದ ಹಣವನ್ನು ಬಡವರಿಗೆಂದು ಕೊಡುವ ಪದ್ಧತಿಯೂ ಅವರಲ್ಲಿದೆ. ಏಕಾದಶಿಯ ಉಪವಾಸವನ್ನು ಬಲ್ಲ ನಮಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ.

ಹಬ್ಬದ ವಾರ

ಇಂತಹ ಕಟ್ಟುನಿಟ್ಟಿನ ನಡುವೆ ಬೋಧಕನಿಗೆ ರಜೆಯೆಂಬುದು ಉಂಟೇ? ವಾರಕ್ಕೊಂದು ‘ಸಿದ್ಧತೆಯ ದಿನ’ ಉಂಟು. ಅದು ಹೆಚ್ಚಾಗಿ ಸೋಮವಾರ. ಬಟ್ಟೆ ಒಗೆಯುವುದು, ಸಾಮಾನು ತರುವುದು, ಮನೆಗೆ ಕಾಗದ ಬರೆಯುವುದು, ಸಮಯ ಮಿಕ್ಕರೆ ಊರು ನೋಡುವುದು ಅಂದು. ಹಾಗೆ ಬಿಡುವಾದ ಒಂದು ದಿನ ಈ ಕಡೆಗೆ ಬರುವ ಹುಡುಗನು ಏರ್ಕಾಡಿನ ಬೆಟ್ಟ ಹತ್ತಬಹುದು, ಹೊಗೇನಕಲ್ಲಿನಲ್ಲಿ ಕಾವೇರಿಯು ಬಂಡೆಗೆ ಬಡಿದು ಹೊಗೆಯಾಗಿ ಏಳುವುದನ್ನು ಕಾಣಬಹುದು. ಆದರೆ ನೀರಿಗೆ ಇಳಿದು ಈಜುವಂತಿಲ್ಲ! ಬೋಧಕರು ಈಜಬಾರದೆಂಬುದು ಅವರ ನಿಯಮಗಳಲ್ಲೊಂದು. ದಡದಲ್ಲಿ ಎಣ್ಣೆ ತಿಕ್ಕಿಸಿಕೊಂಡು ಧುಮ್ಮಿಕ್ಕುವ ನೀರಿಗೆ ತಲೆಕೊಡುವ ಜನಸಂದಣಿಯ ನಡುವೆ, ಬಿಳಿಯಂಗಿಯ ಇಬ್ಬರು ಹುಡುಗರು ಕೈಕಟ್ಟಿ ನಿಂತಿರುವುದನ್ನು ಊಹಿಸಿಕೊಂಡರೆ ಅವರ ವ್ರತದ ಭಾರ ನಮಗೆ ಅರಿವಾಗುತ್ತದೆ.

ಮನೆ ಬಿಟ್ಟವನಿಗೆ ಹಬ್ಬದ ವಾರದಷ್ಟು ಕಠಿಣವಾದ ವಾರ ಮತ್ತೊಂದಿಲ್ಲ. ಬಹಳ ಕಾಲದವರೆಗೆ ಮಾರ್ಮನ್ ಬೋಧಕರು ವರ್ಷಕ್ಕೆ ಎರಡೇ ಸಲ ಮನೆಗೆ ಫೋನು ಮಾಡಬಹುದಾಗಿತ್ತು: ಕ್ರಿಸ್‌ಮಸ್ ದಿನ ಒಮ್ಮೆ, ತಾಯಂದಿರ ದಿನ ಇನ್ನೊಮ್ಮೆ. ಎರಡು ವರ್ಷದಲ್ಲಿ ನಾಲ್ಕು ಸಲ ಮಾತ್ರ ತಾಯಿಯ ದನಿ ಕೇಳುವುದು! 2019ರ ಫೆಬ್ರವರಿಯಲ್ಲಿ ಈ ನಿಯಮ ಸಡಿಲಗೊಂಡು, ವಾರಕ್ಕೊಮ್ಮೆ ಮನೆಯವರೊಡನೆ ಮಾತನಾಡಲು ಅನುಮತಿ ದೊರೆಯಿತು. ಅದಕ್ಕೆ ಮುಂಚಿನವರು ಡಿಸೆಂಬರಿನ ಕೊನೆಯ ವಾರವನ್ನು ಹೇಗೆ ಕಳೆದಿರಬೇಕು? ಕೆಲಸಕ್ಕೆಂದು ಹೊಸೂರಿಗೋ ಬೆಂಗಳೂರಿಗೋ ದೂರದ ದುಬಾಯಿಗೋ ಮಗನನ್ನು ಕಳುಹಿಸಿ, ಯುಗಾದಿಯ ದಿನ ಒಬ್ಬಟ್ಟಿನ ತಟ್ಟೆಯ ಮುಂದೆ ಕುಳಿತ ತಾಯಂದಿರು ಇದನ್ನು ಬಲ್ಲರು.

ಕ್ರಿಸ್‌ಮಸ್ ಮುಗಿದು ಮೂರು ವಾರ ಕಳೆಯುವಷ್ಟರಲ್ಲಿ ನಮ್ಮ ಸುಗ್ಗಿಹಬ್ಬ ಬರುತ್ತದೆ. ಗಡಿನಾಡಿನಲ್ಲಿ ಅದು ಎರಡು ಹೆಸರಿನ ಹಬ್ಬ. ಒಂದೇ ಬೀದಿಯ ಒಂದು ಮನೆಯಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ, ಪಕ್ಕದ ಮನೆಯಲ್ಲಿ ಪೊಂಗಲಿನ ಹಾಲುಕ್ಕುವ ಗಡಿಗೆ. ದನಕರುಗಳಿಗೆ ಮಾತ್ರ ಎರಡೂ ಮನೆಯಲ್ಲಿ ಅರಿಸಿನ ಕುಂಕುಮ. ಹೊರಗಿನಿಂದ ಬಂದವನಿಗೆ ಈ ವಾರವು ಒಂದು ದೊಡ್ಡ ಪಾಠಶಾಲೆ. ಪುಸ್ತಕ ಹಿಡಿದು ಬೋಧಿಸಲು ಬಂದವನ ಕೈಗೆ ಅಜ್ಜಿಯೊಬ್ಬಳು ಎಳ್ಳುಬೆಲ್ಲ ಹಾಕಿ ಒಳ್ಳೆಯ ಮಾತನಾಡೆಂದು ಹೇಳಿದರೆ, ಅಲ್ಲಿ ಗುರು ಯಾರು, ಶಿಷ್ಯ ಯಾರು?

ಮದರಾಸಿನ ಮೊದಲ ಪ್ರಯತ್ನ

ಮಾರ್ಮನ್ನರು ಭಾರತಕ್ಕೆ ಮೊದಲು ಬಂದುದು 1993ರಲ್ಲಲ್ಲ. 1850ರ ದಶಕದ ಆರಂಭದಲ್ಲಿಯೇ ಕಲ್ಕತ್ತೆ, ಮುಂಬಯಿ, ಪುಣೆಗಳಲ್ಲಿ ಅವರ ಬೋಧಕರಿದ್ದರು. 1853ರಲ್ಲಿ ಅಮೆರಿಕದಿಂದ ಹದಿಮೂರು ಮಂದಿ ಹಡಗಿನಲ್ಲಿ ಕಲ್ಕತ್ತೆಗೆ ಬಂದಿಳಿದರು. ಅವರಲ್ಲೊಬ್ಬ ರಿಚರ್ಡ್ ಬ್ಯಾಲೆಂಟೈನ್. 1849ರಲ್ಲಿ ಸಾಲ್ಟ್ ಲೇಕ್ ಸಿಟಿಯ ತನ್ನ ಮನೆಯಲ್ಲೇ ಮಕ್ಕಳಿಗಾಗಿ ಆ ಪಂಥದ ಮೊದಲ ಭಾನುವಾರದ ಶಾಲೆ ತೆರೆದ ಅನುಭವಿ ಉಪಾಧ್ಯಾಯ ಇವನು. ಇಂತಹವನು ಸಂಗಡಿಗರೊಡನೆ ಮದರಾಸಿಗೆ ಬಂದು ಕೆಲಸ ಆರಂಭಿಸಿದನು. ಒಂದು ಪತ್ರಿಕೆಯನ್ನೂ ಮುದ್ರಿಸಿದನು. ಫಲ ಮಾತ್ರ ಬಹಳ ಕಡಿಮೆ. 1854ರಲ್ಲಿಯೇ ಅವನು ಮದರಾಸನ್ನು ಬಿಟ್ಟನು. 1856ರ ಹೊತ್ತಿಗೆ ಇಡೀ ಭಾರತದ ಮಿಷನ್ನೇ ಮುಚ್ಚಿಹೋಯಿತು.

ಇದಕ್ಕೆ ಕಾರಣಗಳು ಹಲವು. ಇತರ ಪಾದ್ರಿಗಳ ಮತ್ತು ಇಂಗ್ಲಿಷ್ ಪತ್ರಿಕೆಗಳ ವಿರೋಧವಿತ್ತು. ಮಾರ್ಮನ್ನರಲ್ಲಿ ಆಗ ರೂಢಿಯಲ್ಲಿದ್ದ ಬಹುಪತ್ನೀತ್ವದ ಅಪವಾದವಿತ್ತು. ಅದನ್ನು ಸಭೆಯು ಕೈಬಿಡುವುದಾಗಿ ಘೋಷಿಸಿದ್ದು 1890ರಲ್ಲಿ. ಮತಕ್ಕೆ ಸೇರಿದವರು ಊರುಬಿಟ್ಟು ಯೂಟಾಕ್ಕೆ ವಲಸೆ ಬರಬೇಕೆಂಬ ನಿರೀಕ್ಷೆಯೂ ಇತ್ತು. ಆದರೆ ಎಲ್ಲಕ್ಕಿಂತ ದೊಡ್ಡ ಅಡ್ಡಗೋಡೆ ಭಾಷೆ. ಅವರ ಮಾತು ಹೆಚ್ಚಾಗಿ ದಂಡಿನ ಬಿಳಿಯ ಸಿಪಾಯಿಗಳು ಮತ್ತು ಇಂಗ್ಲಿಷ್ ಬಲ್ಲ ಕೆಲವರ ನಡುವೆಯೇ ಸುತ್ತಾಡಿತು. ಒಂದೆರಡು ವರ್ಷದಲ್ಲಿ ಹೊರಟುಹೋಗುವವನಿಗೆ ತಮಿಳಿನ ಒಳಗೆ ಪ್ರವೇಶ ದೊರೆಯುವುದಾದರೂ ಹೇಗೆ?

ಸೇಲಂ ಸೀಮೆಯ ಹಳೆಯ ಬೋಧಕರು

ಇದಕ್ಕೆ ವಿರುದ್ಧವಾದ ಉದಾಹರಣೆ ಸೇಲಂ ಸೀಮೆಯಲ್ಲಿಯೇ ಇದೆ. ರೋಮಿನ ಶ್ರೀಮಂತ ಮನೆತನದ ಜೆಸುಯಿಟ್ ಪಾದ್ರಿ ರಾಬರ್ಟ್ ಡಿ ನೊಬಿಲಿ 1606ರಲ್ಲಿ ಮಧುರೆಗೆ ಬಂದಾಗ ಅವನಿಗೆ ಮೂವತ್ತು ತುಂಬಿರಲಿಲ್ಲ. ಅವನು ಬೂಟು, ಕರಿಯ ನಿಲುವಂಗಿ ಬಿಟ್ಟು ಕಾವಿ ಉಟ್ಟನು, ಮಾಂಸ ತ್ಯಜಿಸಿದನು, ತಮಿಳು, ತೆಲುಗು, ಸಂಸ್ಕೃತಗಳನ್ನು ಶ್ರದ್ಧೆಯಿಂದ ಕಲಿತು ಗ್ರಂಥಗಳನ್ನೇ ಬರೆದನು. 1623ರಲ್ಲಿ ಮಧುರೆಯಿಂದ ಉತ್ತರಕ್ಕೆ ಹೊರಟು ಸೇಲಂಗೂ, ಈಗ ನಾಮಕ್ಕಲ್ ಜಿಲ್ಲೆಯಲ್ಲಿರುವ ಸೇಂದಮಂಗಲಕ್ಕೂ ಬಂದನು. ಅವನ ಮತವನ್ನು ಒಪ್ಪುವುದು ಬಿಡುವುದು ಬೇರೆಯ ಮಾತು. ಅವನ ಸ್ವಂತ ಸಭೆಯವರೇ ಅವನ ರೀತಿಯನ್ನು ಆಕ್ಷೇಪಿಸಿ ರೋಮಿನವರೆಗೆ ದೂರು ಒಯ್ದಿದ್ದರು. ಆದರೆ ನಾನೂರು ವರ್ಷಗಳ ಮೇಲೆಯೂ ತಮಿಳು ಗದ್ಯದ ಚರಿತ್ರೆ ಬರೆಯುವವರು ಅವನ ಹೆಸರು ಬಿಟ್ಟು ಬರೆಯಲಾರರು.

ಕನ್ನಡದ ಕಡೆಯಿಂದಲೂ ಇಂತಹ ಉದಾಹರಣೆಯುಂಟು. ಫ್ರಾನ್ಸಿನ ಪಾದ್ರಿ ಅಬೆ ದುಬುವಾ 1792ರಲ್ಲಿ ಇಪ್ಪತ್ತಾರರ ಯುವಕನಾಗಿ ಭಾರತಕ್ಕೆ ಬಂದನು. ಟಿಪ್ಪು ಸುಲ್ತಾನನಿಂದ ಬಾರಾಮಹಲ್ ಸೀಮೆಯನ್ನು, ಎಂದರೆ ಇಂದಿನ ಧರ್ಮಪುರಿ, ಕೃಷ್ಣಗಿರಿಗಳನ್ನು, ಇಂಗ್ಲಿಷರು ಪಡೆದುಕೊಂಡ ವರ್ಷವೂ ಅದೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ದುಬುವಾ ಮೈಸೂರು ಸೀಮೆಗೆ ಹೋಗಿ, ಅಲ್ಲಿಯ ಜನರಂತೆಯೇ ಉಟ್ಟು ಉಂಡು, ಅವರ ಭಾಷೆಯಾಡುತ್ತಾ, 1823ರಲ್ಲಿ ಸ್ವದೇಶಕ್ಕೆ ಮರಳುವವರೆಗೂ ದುಡಿದನು. ಹಾಸನದ ಬಳಿಯ ಸಾತಳ್ಳಿಯಲ್ಲಿ ನಿರ್ಗತಿಕರಿಗೆ ಬೇಸಾಯದ ನೆಲೆ ಕಲ್ಪಿಸಿದವನು ಇವನೇ. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತು ಇವನು ಬರೆದ ಗ್ರಂಥ ಜಗತ್ಪ್ರಸಿದ್ಧ. ಅದರಲ್ಲಿ ನಮಗೆ ಒಪ್ಪಿಗೆಯಾಗದ ಮಾತುಗಳು ಎಷ್ಟೋ ಇವೆಯಾದರೂ, ಕಣ್ಣಿಟ್ಟು ನೋಡಿದವನ ಬರಹವೆಂಬುದನ್ನು ಅಲ್ಲಗಳೆಯಲಾಗದು.

ಆದರೆ ನಮ್ಮ ಮನಸ್ಸನ್ನು ಹಿಡಿಯುವುದು ಅವನ ಜೀವನದ ಎರಡು ಲೆಕ್ಕಗಳು. ಇಪ್ಪತ್ತೈದು ವರ್ಷ ದುಡಿದು ತಾನು ಕ್ರೈಸ್ತರನ್ನಾಗಿಸಿದವರು ಇನ್ನೂರರಿಂದ ಮುನ್ನೂರು ಮಂದಿ ಮಾತ್ರವೆಂದೂ, ಅವರಲ್ಲಿಯೂ ಹೆಚ್ಚಿನವರು ಬೇರೆ ದಿಕ್ಕಿಲ್ಲದೆ ಬಂದವರೆಂದೂ ಅವನೇ 1823ರಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ ನಿರಾಶೆಯಿಂದ ಬರೆದುಕೊಂಡನು. ಅದೇ ಮನುಷ್ಯನು ಸಿಡುಬಿನ ವಿರುದ್ಧ ದಾಕು ಹಾಕಿಸುವ ಕೆಲಸಕ್ಕೆ ಕೈಹಾಕಿದಾಗ, 1803–04ರ ಅವಧಿಯಲ್ಲಿ ದಾಕು ಹಾಕಿಸಿಕೊಂಡವರು 25,000ಕ್ಕೂ ಮೇಲ್ಪಟ್ಟು! ಜನರು ಅವನ ಮತವನ್ನು ಬೇಡವೆಂದರು, ಅವನ ಕೈಯ ಸೂಜಿಗೆ ತೋಳು ಒಡ್ಡಿದರು. ಯಾವುದು ತಮಗೆ ಬೇಕು, ಯಾವುದು ಬೇಡ ಎಂಬುದನ್ನು ನಮ್ಮ ಪೂರ್ವಿಕರು ಚೆನ್ನಾಗಿಯೇ ಆರಿಸಿಕೊಂಡಿದ್ದರೆಂದು ಇದರಿಂದ ತಿಳಿಯುತ್ತದೆ.

‘ನಾಂಗಳ್’ ಮತ್ತು ‘ನಾಮ್’

ಈಗಿನ ಯುವಬೋಧಕರು 1853ರವರಂತಲ್ಲ. ಹೋಗುವ ದೇಶಕ್ಕೆ ತಕ್ಕ ಭಾಷೆಯನ್ನು ಕೆಲವು ವಾರ ಕಲಿಸಿಯೇ ಹೊರಡಿಸುವ ಶಿಕ್ಷಣ ಕೇಂದ್ರಗಳು ಅವರಿಗಿವೆ. ಅವುಗಳಲ್ಲಿ ದೊಡ್ಡದು ಯೂಟಾದ ಪ್ರೋವೋ ನಗರದಲ್ಲಿದೆ. ಆದರೂ ಇಲ್ಲಿಗೆ ಬಂದಮೇಲೆ ಅವರಿಗೆ ಎದುರಾಗುವ ತೊಡಕುಗಳು ಸ್ವಾರಸ್ಯವಾದುವು. ತಮ್ಮ ಸಭೆಯಲ್ಲಿ ಎಲ್ಲರನ್ನೂ ‘ಬ್ರದರ್’, ‘ಸಿಸ್ಟರ್’ ಎಂದು ಕರೆಯುವುದು ಅವರ ವಾಡಿಕೆ. ಕನ್ನಡಕ್ಕೆ ಬಂದೊಡನೆ ಆ ಶಬ್ದ ಕಾಲು ಮುರಿದುಕೊಳ್ಳುತ್ತದೆ. ಎದುರಿಗಿರುವವನು ಅಣ್ಣನೋ ತಮ್ಮನೋ? ವಯಸ್ಸು ತಿಳಿಯದೆ, ಗೌರವದ ಅಳತೆ ಅರಿಯದೆ, ನಮ್ಮ ಭಾಷೆಯಲ್ಲಿ ಒಬ್ಬನನ್ನು ಒಡಹುಟ್ಟಿದವನೆಂದು ಬಾಯ್ತುಂಬ ಕರೆಯಲು ಸಾಧ್ಯವಿಲ್ಲ.

ತಮಿಳಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಡಿನಾಡಿನ ನಾವೆಲ್ಲ ಅದನ್ನು ಬಲ್ಲೆವು. ಕನ್ನಡದ ‘ನಾವು’ ಎಂಬುದಕ್ಕೆ ತಮಿಳಿನಲ್ಲಿ ಎರಡು ಮಾತು. ಕೇಳುವವನನ್ನು ಹೊರಗಿಟ್ಟರೆ ‘ನಾಂಗಳ್’, ಕೇಳುವವನನ್ನೂ ಸೇರಿಸಿಕೊಂಡರೆ ‘ನಾಮ್’. ‘ನಾವು ದೇವರ ಮಕ್ಕಳು’ ಎಂದು ಹೇಳಲು ಹೊರಟ ಹುಡುಗನು ‘ನಾಂಗಳ್’ ಎಂದುಬಿಟ್ಟರೆ, ‘ನಾವು ದೇವರ ಮಕ್ಕಳು, ನೀವಲ್ಲ’ ಎಂದಂತಾಯಿತು! ವ್ಯಾಕರಣದ ಒಂದು ಸಣ್ಣ ಪ್ರತ್ಯಯದಲ್ಲಿ ಬೋಧನೆಯ ಗುಟ್ಟೆಲ್ಲ ಅಡಗಿದೆ. ಡಿ ನೊಬಿಲಿ ಕಾವಿ ಉಟ್ಟುದು, ದುಬುವಾ ದಾಕು ಹಾಕಿಸಿದ್ದು, ಇವೆಲ್ಲ ‘ನಾಂಗಳ್’ ಎಂಬಲ್ಲಿಂದ ‘ನಾಮ್’ ಎಂಬಲ್ಲಿಗೆ ಬರುವ ಪ್ರಯತ್ನಗಳೇ ಅಲ್ಲವೇ?

ಒಂದು ಲೋಟ ಕಾಫಿ

ಭಾಷೆಯ ಬಳಿಕ ಊಟದ ಪರೀಕ್ಷೆ. ಸೇಲಂ ಪಕ್ಕದ ಸೇರ್ವರಾಯನ್ ಬೆಟ್ಟಗಳಲ್ಲಿ, 1820ರ ದಶಕದಲ್ಲಿ ಸೇಲಂ ಕಲೆಕ್ಟರನಾಗಿದ್ದ ಎಂ. ಡಿ. ಕಾಕ್‌ಬರ್ನ್ ಕಾಫಿ ಗಿಡ ನೆಡಿಸಿದನು. ಅಂದಿನಿಂದ ಏರ್ಕಾಡು ಕಾಫಿಯ ನಾಡು. ಈ ಸೀಮೆಯಲ್ಲಿ ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳುಹಿಸಿದರೆ ಮನೆಯೊಡತಿಗೆ ಕುಂದು. ಇತ್ತ ನಮ್ಮ ಹುಡುಗನಿಗೆ ಕಾಫಿ ಮುಟ್ಟಬಾರದೆಂಬ ವ್ರತ. ಹಬೆಯಾಡುವ ಹಿತ್ತಾಳೆಯ ಲೋಟ ಮುಂದೆ ಬಂದು ನಿಂತಾಗ ಅವನು ಮಾಡಬೇಕಾದುದೇನು? ಮುಖ ಸಿಂಡರಿಸಿ ಕೈಯಲ್ಲಾಡಿಸಿದರೆ ಅವನ ಪಾಠ ಅಲ್ಲಿಗೇ ಮುಗಿಯಿತು. ಕೈಮುಗಿದು, ತನಗೊಂದು ನೇಮವಿದೆಯೆಂದು ತಿಳಿಸಿ, ಮಜ್ಜಿಗೆ ಇದ್ದರೆ ಕೊಡಿರೆಂದು ಕೇಳಿದರೆ, ಕಾಫಿಯ ಲೋಟದ ಜಾಗಕ್ಕೆ ಮಜ್ಜಿಗೆಯಷ್ಟೇ ಅಲ್ಲ, ಮನೆಯ ಆದರವೂ ಬರುತ್ತದೆ. ನೇಮವೆಂದರೆ ನಮ್ಮವರಿಗೆ ಅರ್ಥವಾಗದ ಮಾತೇ? ಶಬರಿಮಲೆಗೆ ಮಾಲೆ ಹಾಕಿದವನ ನೇಮವನ್ನು, ಶ್ರಾವಣ ಶನಿವಾರದ ನೇಮವನ್ನು ಗೌರವಿಸುವ ಮನೆಯು, ಪರದೇಶದ ಹುಡುಗನ ನೇಮವನ್ನೂ ಗೌರವಿಸುತ್ತದೆ. ಇನ್ನು ರಾಗಿಯ ವಿಷಯ. ಕನ್ನಡದಲ್ಲಿ ಮುದ್ದೆ, ತಮಿಳಿನಲ್ಲಿ ಕಳಿ; ಹೆಸರು ಯಾವುದಾದರೇನು, ಅಗಿಯದೆ ನುಂಗುವ ವಿದ್ಯೆಯನ್ನು ಯಾವ ಶಿಕ್ಷಣ ಕೇಂದ್ರವೂ ಕಲಿಸಲಾರದು!

ಸೇಲಂ ಎಂಬ ಹೆಸರೇ ಇಂತಹ ಹುಡುಗನಿಗೆ ಬೆರಗು ಹುಟ್ಟಿಸಬಹುದು. ಬೈಬಲ್ಲಿನಲ್ಲಿ ಸೇಲಂ ಎಂಬ ಊರುಂಟು. ಅದಕ್ಕೆ ಶಾಂತಿಯೆಂದು ಅರ್ಥ ಹೇಳುತ್ತಾರೆ. ಅವನ ಯೂಟಾದಲ್ಲಿಯೂ ಸೇಲಂ ಎಂಬ ಪಟ್ಟಣವೊಂದಿದೆ. ಆದರೆ ನಮ್ಮ ಸೇಲಮ್ಮಿಗೂ ಅದಕ್ಕೂ ಸಂಬಂಧವಿಲ್ಲ. ಸುತ್ತಲಿನ ಬೆಟ್ಟಗಳಿಂದ ‘ಶೈಲ’ವೆಂದು ಕೆಲವರು, ಚೇರರ ಹೆಸರಿನಿಂದ ಎಂದು ಕೆಲವರು ಇದರ ಮೂಲ ಹೇಳುತ್ತಾರೆ. ತನಗೆ ಪರಿಚಿತವೆಂದು ತೋರಿದ ಹೆಸರಿನ ಹಿಂದೆಯೂ ಬೇರೊಂದು ಕಥೆಯಿದೆಯೆಂಬುದನ್ನು ತಿಳಿಯುವುದೇ ಬಂದವನ ಮೊದಲ ಪಾಠ. ಧರ್ಮಪುರಿಯ ಹಳೆಯ ಹೆಸರು ತಗಡೂರು. ದೀರ್ಘಾಯುಸ್ಸು ಕೊಡುವ ನೆಲ್ಲಿಕಾಯಿಯನ್ನು ತಾನು ತಿನ್ನದೆ ಕವಯಿತ್ರಿ ಔವೈಯಾರಳಿಗೆ ಕೊಟ್ಟ ಅದಿಯಮಾನನ ಊರು ಅದು. ಒಂಬತ್ತನೆಯ ಶತಮಾನದ ನೊಳಂಬರ ಕನ್ನಡ ಶಾಸನ ದೊರೆತ ಊರೂ ಅದೇ. ತ್ಯಾಗದ, ಧರ್ಮದ ಮಾತು ಇಲ್ಲಿಗೆ ಮೊದಲ ಬಾರಿ ಹಡಗಿನಲ್ಲಿ ಬಂದುದಲ್ಲ.

ಒಪ್ಪಿಸುವ ಪಾಠ, ಹೇಳುವ ಪಾಠ

ಬೋಧನೆಯ ಕ್ರಮದಲ್ಲಿಯೂ ಮಾರ್ಮನ್ನರು ಅನುಭವದಿಂದ ಒಂದು ವಿಷಯ ಕಲಿತರು. ಹಿಂದೆ ಬೋಧಕರು ಪಾಠಗಳನ್ನು ಉರುಹೊಡೆದು ಒಪ್ಪಿಸುತ್ತಿದ್ದರು. ಇಂತಿಷ್ಟು ಪಾಠ, ಇಂತಿಂತಹ ಪ್ರಶ್ನೆ, ಅದಕ್ಕೆ ಇಂತಹ ಉತ್ತರ ಬರಬೇಕು ಎಂಬ ಏರ್ಪಾಡು. ಕೇಳುವವನು ಬೇರೆಯ ಉತ್ತರ ಕೊಟ್ಟರೆ ಹುಡುಗನು ಕಕ್ಕಾಬಿಕ್ಕಿ! 2004ರಲ್ಲಿ ಹೊಸ ಕೈಪಿಡಿಯೊಂದು ಬಂದು ಈ ರೀತಿಯನ್ನು ಬದಲಿಸಿತು. ತಿರುಳನ್ನು ತಿಳಿದುಕೊಂಡು, ಕೇಳುವವನ ಸ್ಥಿತಿಗೆ ತಕ್ಕಂತೆ, ಸ್ವಂತ ಮಾತಿನಲ್ಲಿ ಹೇಳಬೇಕೆಂಬುದು ಹೊಸ ನಿಯಮ. ಶಾಲೆಯ ಉಪಾಧ್ಯಾಯರಾಗಿರುವ ನಮ್ಮ ವಾಚಕರು ಇದನ್ನು ಓದಿ ತಲೆದೂಗುವರೆಂಬುದರಲ್ಲಿ ಸಂದೇಹವಿಲ್ಲ. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ತಮಿಳಿನಲ್ಲಿ ಲೆಕ್ಕ ಹೇಳಿಕೊಡುವಾಗ, ಪುಸ್ತಕದ ವಾಕ್ಯವನ್ನು ಹತ್ತು ಸಲ ಓದಿದರೂ ಅರಳದ ಕಣ್ಣು, ಅದರ ಮನೆಮಾತಿನ ಒಂದು ಶಬ್ದ ಕೇಳಿದೊಡನೆ ಅರಳುವುದನ್ನು ಅವರು ಕಂಡಿದ್ದಾರೆ.

ಬಾಗಿಲಿಗೆ ಬಂದವನಿಗೆ

ಹಾಗಾದರೆ ಬಂದವರು ಹೇಳಿದುದನ್ನೆಲ್ಲ ಒಪ್ಪಬೇಕೇ? ಅದು ನಮ್ಮ ಅಭಿಪ್ರಾಯವಲ್ಲ. 1830ರಲ್ಲಿ ಪ್ರಕಟವಾದ ಮಾರ್ಮನ್ ಗ್ರಂಥವು ಚಿನ್ನದ ತಗಡುಗಳಿಂದ ಅನುವಾದವಾದುದೆಂದು ಅವರ ನಂಬಿಕೆ. ಇತರ ಕ್ರೈಸ್ತ ಸಭೆಗಳೇ ಈ ಗ್ರಂಥವನ್ನು ಒಪ್ಪುವುದಿಲ್ಲ. ಹೀಗಿರುವಾಗ ಯಾರೇ ಆಗಲಿ ಚೆನ್ನಾಗಿ ಪ್ರಶ್ನಿಸಿ ವಿಚಾರ ಮಾಡಬೇಕಾದುದು ಕರ್ತವ್ಯ. ನಮ್ಮ ಸಂವಿಧಾನದ 25ನೆಯ ವಿಧಿಯು ತನ್ನ ಧರ್ಮವನ್ನು ಆಚರಿಸುವ, ಪ್ರಸಾರ ಮಾಡುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಆದರೆ ಪ್ರಸಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಪಿತ್ತಿದೆ. ಹೇಳುವವನಿಗೆ ಹೇಳುವ ಸ್ವಾತಂತ್ರ್ಯವಿದ್ದಂತೆ, ಕೇಳುವವನಿಗೆ ಬೇಡವೆನ್ನುವ ಸ್ವಾತಂತ್ರ್ಯವಿದೆ. ಆಮಿಷ, ಬೆದರಿಕೆಗಳು ಕಂಡರೆ ಬಾಗಿಲು ಮುಚ್ಚುವುದೇ ಸರಿ. ಅವಿಲ್ಲದಾಗ, ಬಿಸಿಲಿನಲ್ಲಿ ನಡೆದು ಬಂದ ಹುಡುಗನಿಗೆ ನೀರು ಕೊಟ್ಟು, ನಗುಮುಖದಿಂದ ಮಾತನಾಡಿಸಿ ಕಳುಹಿಸುವುದರಿಂದ ನಮ್ಮ ಧರ್ಮಕ್ಕೆ ಯಾವ ಊನವೂ ಬಾರದು. ಒಂದು ಲೋಟ ನೀರಿಗೆ ಕರಗಿಹೋಗುವ ಧರ್ಮವಾಗಿದ್ದರೆ ಅದು ಇಷ್ಟು ಶತಮಾನ ಬಾಳುತ್ತಿತ್ತೇ?

ನಮ್ಮ ಮಕ್ಕಳಿಗೆ

ಕೊನೆಯದಾಗಿ ಒಂದು ಮಾತು. ಆ ಹುಡುಗನ ಮತವನ್ನು ಬದಿಗಿಟ್ಟು ಅವನ ಬೆನ್ನಹಿಂದೆ ಇರುವ ಮನೆಯನ್ನು ನೋಡೋಣ. ವಾರದ ಒಂದು ಸಂಜೆಯನ್ನು ಮನೆಮಂದಿ ಒಟ್ಟಿಗೆ ಕುಳಿತು ಓದು, ಹಾಡು, ಮಾತುಕತೆ, ಆಟಗಳಲ್ಲಿ ಕಳೆಯಬೇಕೆಂದು ಆ ಸಭೆಯು 1915ರಲ್ಲಿ ತನ್ನವರಿಗೆ ಸೂಚಿಸಿತು. 1970ರಲ್ಲಿ ಅದಕ್ಕೆ ಸೋಮವಾರವನ್ನು ಗೊತ್ತುಪಡಿಸಿತು. ಹದಿನೆಂಟು ವರ್ಷ ಇಂತಹ ಸಂಜೆಗಳಲ್ಲಿ ಬೆಳೆದವನಿಗೆ ಮನೆ ಬಿಡುವ ಹೊತ್ತಿಗೆ ತಾನು ಯಾರು, ತನ್ನ ನಂಬಿಕೆಯೇನು ಎಂಬುದನ್ನು ಅಪರಿಚಿತರ ಮುಂದೆ ಹೇಳುವ ಬಾಯಿ ಬಂದಿರುತ್ತದೆ.

ನಮ್ಮ ಮಕ್ಕಳ ಗತಿಯೇನು? ತಳಿಯಲ್ಲೋ ದೇನ್ಕನಿಕೋಟೆಯಲ್ಲೋ ಬೆಳೆಯುವ ಮಗು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ತೆಲುಗು, ಶಾಲೆಯಲ್ಲಿ ತಮಿಳು ಇಲ್ಲವೆ ಇಂಗ್ಲಿಷ್ ಕಲಿಯುತ್ತದೆ. ತಮಿಳುನಾಡು ಸರಕಾರವು 2006ರ ಕಾಯಿದೆಯ ಮೂಲಕ ಒಂದನೆಯ ತರಗತಿಯಿಂದ ಆರಂಭಿಸಿ ಹಂತಹಂತವಾಗಿ ತಮಿಳನ್ನು ಕಡ್ಡಾಯಗೊಳಿಸಿದೆ. ತಮಿಳು ಕಲಿಯುವುದು ಒಳ್ಳೆಯದೇ. ಅನ್ನ ಕೊಡುವ ನೆಲದ ಮಾತನ್ನು ಕಲಿಯದವನು ಎಂದಿಗೂ ‘ನಾಂಗಳ್’ ಆಗಿಯೇ ಉಳಿದಾನು. ಆದರೆ ಕನ್ನಡದ ಅಕ್ಷರವನ್ನು ಶಾಲೆ ಕಲಿಸದ ಕಡೆ ಅದನ್ನು ಕಲಿಸಬೇಕಾದವರು ಯಾರು? ಅಜ್ಜಿಯ ಹಾಡು, ಅಜ್ಜನ ಕಥೆ, ಹಬ್ಬದ ಅರ್ಥ, ಇವನ್ನು ಹೇಳಬೇಕಾದವರು ಯಾರು? ಪರದೇಶದ ಹುಡುಗನು ನಮ್ಮ ಮಾತನ್ನು ಕಲಿಯಲು ಬೆಳಗಿನ ಜಾವ ಪುಸ್ತಕ ಹಿಡಿದು ಕುಳಿತಿರುವಾಗ, ನಮ್ಮ ಮಗುವು ಅದೇ ಮಾತಿನ ಅಕ್ಷರ ಬಾರದೆ ಬೆಳೆಯುವುದು ನಮಗೆ ಸಮ್ಮತವೇ?

ವಾರದಲ್ಲೊಂದು ಸಂಜೆ ಸಾಕು. ಸೋಮವಾರವೇ ಆಗಬೇಕೆಂದಿಲ್ಲ. ಟೆಲಿವಿಷನ್ನನ್ನೂ ಕೈಯ ಫೋನನ್ನೂ ಒಂದು ಗಂಟೆ ಮಲಗಿಸಿ, ದೀಪದ ಮುಂದೆ ಮನೆಮಂದಿಯೆಲ್ಲ ಕುಳಿತುಕೊಳ್ಳಿ. ಮಗುವಿನಿಂದ ಒಂದು ಪುಟ ಕನ್ನಡ ಓದಿಸಿ. ಅದು ಶಾಲೆಯಲ್ಲಿ ಕಲಿತ ತಮಿಳಿನ ಪದ್ಯವನ್ನು ನೀವೂ ಕೇಳಿ ಕಲಿಯಿರಿ. ಸಂಕ್ರಾಂತಿಯ ಎಳ್ಳು ಏಕೆ, ಬೆಲ್ಲ ಏಕೆ ಎಂದು ಅದು ಕೇಳಿದರೆ, ಗೊತ್ತಿರುವವರು ಹೇಳಿ, ಗೊತ್ತಿಲ್ಲದವರು ಹಿರಿಯರನ್ನು ಕೇಳಿ ತಿಳಿಯಿರಿ. ಹಾಗೆ ಬೆಳೆದ ಮಕ್ಕಳು ನಾಳೆ ಯಾವ ಊರಿಗೆ ಹೋದರೂ, ಯಾವ ಬೋಧಕನು ಎದುರಿಗೆ ಬಂದರೂ, ಅಂಜದೆ ಅವಮಾನಿಸದೆ, ಕುರ್ಚಿ ಕೊಟ್ಟು ಕೂರಿಸಿ ಸಮಸಮನಾಗಿ ಮಾತನಾಡಬಲ್ಲರು.